ಬಾಗಿಲಿಗೆ ಒರಗಿದ ಕೆರೆ ಬಡಿಗೆ

ಆರು ವರ್ಷದಿಂದ ನಮ್ಮ ಮನೆಯ ತಲಬಾಗಿಲ ಬಲಗಡೆ ಒಂದು ಜಾಲಿ ಬಡಿಗೆ ಒರಗಿ ನಿಂತಿದೆ. ನನ್ನ ಎದೆಮಟ್ಟ ಎತ್ತರ, ಬುಡಕ್ಕೆ ಕಬ್ಬಿಣದ ಬಳೆ, ಹಿಡಿಯುವ ಜಾಗದಲ್ಲಿ ನೂರಾರು ಕೈ ತಾಗಿ ತಾಗಿ ಕಪ್ಪಾಗಿದೆ. ಅದು ನನ್ನದಲ್ಲ. ನನಗೆ ಅದು ಬೇಡ. ಅದನ್ನು ಮುಂದಿನ ಮನೆಗೆ ದಾಟಿಸಿ ನಾನು ಹುಬ್ಬಳ್ಳಿಗೆ ಹೋಗಿ ಎರಡೂ ಮೊಣಕಾಲಿನ ಆಪರೇಷನ್ ಮಾಡಿಸಿಕೊಳ್ಳಬೇಕು. ಡಾಕ್ಟರು ತಾರೀಖು ಕೊಟ್ಟಾಗಲೆಲ್ಲ ನಾನೇ ಮುಂದಕ್ಕೆ ಹಾಕಿಸಿದೆ. ಯಾಕೆ ಎಂದು ಕೇಳಿದವರಿಗೆ ಈ ಊರಿನ ಚರಿತ್ರೆಯನ್ನೇ ಹೇಳಬೇಕಾಗುತ್ತದೆ. ಹೇಳಲು ಶುರು ಮಾಡಿದರೆ ನನಗೆ ಸಿಟ್ಟು ಬರುತ್ತದೆ.

ನಮ್ಮದು ದಂಡೆಯ ಊರು. ಸಮುದ್ರದ ದಂಡೆಯಲ್ಲ, ಕೆರೆಯ ದಂಡೆ. ಆದರೂ ಹಳಬರು ಇದನ್ನು ಸಮುದ್ರವೆಂದೇ ಕರೆಯುತ್ತಿದ್ದರು, ಮಳೆಗಾಲದ ಕೊನೆಗೆ ಏರಿಯ ಮೇಲೆ ನಿಂತರೆ ಆಚೆ ದಂಡೆಯ ಎತ್ತುಗಳು ಇರುವೆಯ ಹಾಗೆ ಕಾಣುತ್ತಿದ್ದವು. ನಿಜವಾದ ಸಮುದ್ರವನ್ನು ನಮ್ಮವರು ನೋಡಿದ್ದು ಒಮ್ಮೆ ಟ್ರ್ಯಾಕ್ಸ್ ಗಾಡಿ ಮಾಡಿಕೊಂಡು ಗೋಕರ್ಣಕ್ಕೆ ಹೋದಾಗ. ನೋಡಿ ಬಂದ ನಮ್ಮ ಅತ್ತೆ ಹೇಳಿದ್ದು ಒಂದೇ ಮಾತು: “ಅಷ್ಟ ನೀರ ಐತಿ ನೋಡವಾ, ಒಂದ ಗುಟಕ ಕುಡ್ಯಾಕ ಬರಂಗಿಲ್ಲ.”

ಆ ಮಾತಿನಲ್ಲಿ ಈ ಊರಿನ ಸ್ವಭಾವವೆಲ್ಲ ಇದೆ. ಇಲ್ಲಿ ನೀರೆಂದರೆ ಕುಡಿಯುವ ನೀರು, ಉಳಿದದ್ದೆಲ್ಲ ಬರೀ ಹಸಿ. ನಮ್ಮ ಎರೆಭೂಮಿಯಲ್ಲಿ ಎಲ್ಲಿ ಬಾವಿ ತೋಡಿದರೂ ಸವಳು ನೀರು. ಅದರಲ್ಲಿ ಬೇಳೆ ಬೇಯುವುದಿಲ್ಲ, ಚಹಾ ಒಡೆಯುತ್ತದೆ, ಅರಿವೆ ತೊಳೆದರೆ ಸಾಬೂನು ನೊರೆ ಬಿಡುವುದಿಲ್ಲ. ಆಕಾಶದಿಂದ ಬಿದ್ದು ಕೆರೆಯಲ್ಲಿ ನಿಂತದ್ದೊಂದೇ ಸಿಹಿ. ಅದಕ್ಕೇ ಕೆರೆ ಮೊದಲು, ಆಮೇಲೆ ಊರು. ಯಾರು ಕಟ್ಟಿಸಿದರು ಎಂದು ಕೇಳಿದರೆ ಹತ್ತು ಮನೆಯವರು ಹತ್ತು ಕಥೆ ಹೇಳುತ್ತಾರೆ, ಹತ್ತರಲ್ಲೂ ಕಟ್ಟಿಸಿದವರು ಅವರವರ ಮುತ್ತಜ್ಜನೇ. ಎಲ್ಲರೂ ಒಪ್ಪುವ ಸಂಗತಿ ಒಂದೇ, ಅದು ಬಡಿಗೆ.

ನಾನು ಈ ಊರಿಗೆ ಬಂದದ್ದು ಯರಗುಪ್ಪಿಯಿಂದ, ಸೊಸೆಯಾಗಿ. ಲಗ್ನವಾದ ಮೂರನೆಯ ದಿನ ಬೆಳಿಗ್ಗೆ ಕೊಡ ಹಿಡಿದು, ಹೊಸ ಚಪ್ಪಲಿ ಮೆಟ್ಟಿಕೊಂಡು ಕೆರೆಗೆ ಹೋದೆ. ಮೊದಲ ಮೆಟ್ಟಿಲಿಗೆ ಕಾಲಿಟ್ಟೆನೋ ಇಲ್ಲವೋ, ದಂಡೆಯ ಕಲ್ಲಿನ ಮೇಲೆ ಕುಳಿತಿದ್ದ ಒಬ್ಬ ಮುದುಕಿ ಬಡಿಗೆಯನ್ನು ಕಲ್ಲಿಗೆ ಎರಡು ಸಲ ಕುಟ್ಟಿದಳು. ನೀರು ತುಂಬುತ್ತಿದ್ದ ಹೆಂಗಸರೆಲ್ಲ ತಿರುಗಿ ನನ್ನ ಕಾಲು ನೋಡಿದರು. ಅಳು ನುಂಗಿಕೊಂಡು ಮನೆಗೆ ಬಂದರೆ ಅತ್ತೆ ಒಲೆಯ ಮುಂದಿನಿಂದಲೇ ಕೇಳಿದರು.

“ಯರಗುಪ್ಪ್ಯಾಗ ಕೆರಿ ಇಲ್ಲೇನು?”

“ಐತ್ರಿ. ಬಡಿಗಿ ಇಲ್ರಿ,” ಎಂದೆ.

ಪಾಪ, ಅವರೂ ನಕ್ಕುಬಿಟ್ಟರು. ಆಮೇಲೆ ಕೂಡಿಸಿಕೊಂಡು ಹೇಳಿದರು. ಊರಿನ ಒಂದೊಂದು ಮನೆಗೆ ಒಂದೊಂದು ದಿನ ಕೆರೆ ಕಾಯುವ ಪಾಳಿ. ಯಾರ ಬಾಗಿಲಲ್ಲಿ ಬಡಿಗೆ ಇದೆಯೋ ಆ ಮನೆಯವರು ಯಾರಾದರೊಬ್ಬರು ಬೆಳಗಿನಿಂದ ಸಂಜೆಯವರೆಗೆ ದಂಡೆಯ ಮೇಲೆ ಕೂರಬೇಕು. ಚಪ್ಪಲಿ ಮೇಲೆಯೇ ಬಿಡಿಸಬೇಕು. ಕಾಲು ತೊಳೆಯಲು, ಅರಿವೆ ಒಗೆಯಲು, ದನ ಇಳಿಸಲು ಬಿಡಬಾರದು. ಕೊಡದ ಬಾಯಿಗೆ ಅರಿವೆ ಕಟ್ಟಿ ಸೋಸಿ ತುಂಬಿಕೊಳ್ಳುವುದಷ್ಟೇ. ಸಂಜೆ ದೀಪ ಹಚ್ಚುವ ಹೊತ್ತಿಗೆ ಬಡಿಗೆ ಒಯ್ದು ಮುಂದಿನ ಮನೆಯ ಬಾಗಿಲ ಬಲಕ್ಕೆ ಒರಗಿಸಿ “ಕೆರಿ ಬಂದದ ನೋಡ್ರಿ” ಎನ್ನಬೇಕು. ಆ ಮನೆಯವರು ಒಂದು ತಂಬಿಗೆ ನೀರನ್ನು ಬಡಿಗೆಯ ಬುಡಕ್ಕೆ ಹಾಕಿದರೆ ಪಾಳಿ ದಾಟಿತು. ನೀರು ಹಾಕದಿದ್ದರೆ ದಾಟಿಲ್ಲ, ತಂದವರೇ ತಿರುಗಿ ಒಯ್ಯಬೇಕು, ನಾಳೆಯೂ ಅವರೇ ಕಾಯಬೇಕು. ಈ ಕೊನೆಯ ಮಾತನ್ನು ನಾನು ಅಂದು ಗಮನವಿಟ್ಟು ಕೇಳಲಿಲ್ಲ. ನೀರು ಹಾಕದೆ ಇರುವವರು ಯಾರಾದರೂ ಇರುತ್ತಾರೆಯೇ ಎಂದುಕೊಂಡೆ.

ಬಡಿಗೆ ನನಗೆ ಹಿಡಿಸಿತು, ಸುಳ್ಳು ಯಾಕೆ ಹೇಳಲಿ. ಮಾವನ ಮುಂದೆ ತಲೆಯ ಮೇಲಿನ ಸೆರಗು ಸರಿಸದ ಸೊಸೆ ನಾನು. ಆದರೆ ನಮ್ಮ ಮನೆಯ ಪಾಳಿ ಬಂದ ದಿನ, ಹೊಲದಿಂದ ಎರೆಮಣ್ಣು ಮೆತ್ತಿದ ಕಾಲಲ್ಲೇ ಬಂದ ಮಾವ ಮೆಟ್ಟಿಲಿಳಿಯಲು ಹೊರಟಾಗ ಬಡಿಗೆ ಅಡ್ಡ ಹಿಡಿದೆ. ಅವರು ನನ್ನ ಮುಖ ನೋಡಲಿಲ್ಲ, ಬಡಿಗೆ ನೋಡಿದರು, ಹಿಂದೆ ಸರಿದರು. ಮನೆಗೆ ಹೋಗಿ ಅತ್ತೆಯ ಮುಂದೆ “ನಿನ್ನ ಸೊಸಿ ಗಟ್ಟಿ ಅದಾಳ” ಎಂದರಂತೆ. ವರ್ಷದಲ್ಲಿ ಮೂರು ದಿನ ಈ ಊರಿನ ಸೊಸೆ ಯಾರನ್ನು ಬೇಕಾದರೂ ತಡೆಯಬಹುದಿತ್ತು. ನಾನು ಆ ಮೂರು ದಿನಕ್ಕೆ ಕಾಯುತ್ತಿದ್ದೆ.

ದಂಡೆಯ ಹೊರಬದಿ, ಕೆಳಗಿನ ಕಲ್ಲಿನ ಹತ್ತಿರ, ಅಗಸಿಯ, ಅಂದರೆ ಊರಬಾಗಿಲ, ಹೊರಗಿನ ಕೇರಿಯ ಹೆಂಗಸರು ಕೊಡ ಇಟ್ಟುಕೊಂಡು ನಿಂತಿರುತ್ತಿದ್ದರು. ಅವರು ಕೆರೆಗೆ ಇಳಿಯುವ ಹಾಗಿರಲಿಲ್ಲ. ಅವರ ಕೊಡಕ್ಕೆ ಮೇಲಿನಿಂದ ನೀರು ಹೊಯ್ಯುವುದೂ ಪಾಳಿಯವರ ಕೆಲಸ. ಕೆಲವರು ಗಂಟೆಗಟ್ಟಲೆ ಕಾಯಿಸುತ್ತಿದ್ದರು. ನಾನು ಕಾಯಿಸುತ್ತಿರಲಿಲ್ಲ, ಬೇಗ ಹೊಯ್ದು ಕಳಿಸುತ್ತಿದ್ದೆ, ನನ್ನಷ್ಟು ಒಳ್ಳೆಯವಳು ಈ ಊರಲ್ಲಿಲ್ಲ ಎಂದುಕೊಳ್ಳುತ್ತಿದ್ದೆ. ಆ ಪದ್ಧತಿ ಈಗಿಲ್ಲ, ಎಲ್ಲರೂ ಇಳಿಯುತ್ತಾರೆ, ತುಂಬಿಕೊಳ್ಳುತ್ತಾರೆ. ಅದು ಹೇಗೆ ನಿಂತಿತು, ಯಾರು ನಿಲ್ಲಿಸಿದರು ಎಂದು ನಾನೂ ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ.

ಬಡಿಗೆಯ ಮರ್ಯಾದೆ ಎಷ್ಟಿತ್ತೆಂದರೆ, ಅದು ಬಾರದಿರುವುದೇ ಶಿಕ್ಷೆ. ಮೇಲಿನ ಓಣಿಯ ಒಬ್ಬ ರೈತ ಕಾರಹುಣ್ಣಿಮೆಯ ಹಿಂದಿನ ದಿನ ಎತ್ತುಗಳನ್ನು ಕೆರೆಗೆ ಇಳಿಸಿ ಮೈ ತೊಳೆದ. ದನ ತೊಳೆಯುವ ಹೊಂಡ ಬತ್ತಿತ್ತು, ಯಾರೂ ನೋಡುವುದಿಲ್ಲ ಎಂದುಕೊಂಡ. ಊರು ಬೈಯಲಿಲ್ಲ, ಬಡಿಯಲಿಲ್ಲ. ಮುಂದಿನ ಸುತ್ತಿನಲ್ಲಿ ಬಡಿಗೆ ಅವನ ಬಾಗಿಲು ಬಿಟ್ಟು ಆಚೆ ಮನೆಗೆ ಹೋಯಿತು. ಅದರ ಮುಂದಿನ ಸುತ್ತಿನಲ್ಲೂ ಹೋಯಿತು. ಅವನ ಹೆಂಡತಿ ಬಾಗಿಲು ಹಾಕಿಕೊಂಡು ಕೂತಳು, ಓಣಿಯ ಹೆಂಗಸರಿಗೆ ಮುಖ ತೋರಿಸಲಿಲ್ಲ. ಮೂರನೆಯ ಸುತ್ತಿಗೆ ಆ ಮನುಷ್ಯ ಪಾಳಿಯಿದ್ದ ನಮ್ಮ ಮನೆಗೆ ಬಂದು, ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡು ಮಾವನ ಮುಂದೆ ನಿಂತ. “ತಪ್ಪಾತ್ರಿ ಯಪ್ಪಾ, ನಮ್ಮನಿಗೂ ಕೆರಿ ಕೊಡ್ರಿ,” ಎಂದು ಅತ್ತ. ದೊಡ್ಡ ಗಂಡಸು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು.

ಈಗ ಬಡಿಗೆ ಕೊಡುತ್ತೇನೆಂದರೆ ಜನ ಬಾಗಿಲು ಹಾಕಿಕೊಳ್ಳುತ್ತಾರೆ.

ಏನಾಯಿತೆಂದರೆ, ತಾಲೂಕಿನ ಊರು ಬೆಳೆಯುತ್ತ ಬೆಳೆಯುತ್ತ ನಮ್ಮ ಹೊಲಗಳವರೆಗೆ ಬಂತು. ಹತ್ತಿ, ಮೆಣಸಿನಕಾಯಿ ಬೆಳೆಯುತ್ತಿದ್ದ ಜಾಗದಲ್ಲಿ ಹಳದಿ ಬಣ್ಣದ ಕಲ್ಲು ನೆಟ್ಟು ಪ್ಲಾಟು ಮಾಡಿದರು. ನಮ್ಮ ಕೆರೆಗೆ ಮುಖ ಮಾಡಿದ ಲೇಔಟಿಗೆ ‘ಲೇಕ್ ವ್ಯೂ’ ಎಂದು ಹೆಸರು, ಬೋರ್ಡಿನ ಮೇಲೆ ತೆಂಗಿನ ಮರ, ನೀಲಿ ಅಲೆ, ಒಂದು ಹಾಯಿದೋಣಿ. ನಮ್ಮ ಕೆರೆಯಲ್ಲಿ ದೋಣಿ ಹೋದದ್ದನ್ನು ನಮ್ಮ ಮುತ್ತಜ್ಜಂದಿರೂ ನೋಡಿಲ್ಲ. ಹುಬ್ಬಳ್ಳಿಯಲ್ಲಿ ಕೆಲಸ ಮಾಡುವವರು, ಇಲ್ಲಿಯ ಕಚೇರಿ ಕಾಲೇಜುಗಳಿಗೆ ಬಂದವರು ಮನೆ ಕಟ್ಟಿಸಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಮನುಷ್ಯರು ಎಲ್ಲಾದರೂ ಇರಲೇಬೇಕಲ್ಲ.

ನಳ ಬಂತು. ಬಂದದ್ದು ಎಂಟು ದಿನಕ್ಕೊಮ್ಮೆ, ಬಂದಾಗ ಹಾವು ಬುಸುಗುಟ್ಟಿದಂತೆ ಮೊದಲು ಬರೀ ಗಾಳಿ. ಆಮೇಲೆ ಶುದ್ಧ ನೀರಿನ ಘಟಕ ಬಂತು. ಜನ ಕ್ಯಾನು ಹಿಡಿದು ಸಾಲು ನಿಂತು, ಅಗದಿ ಫಿಲ್ಟರ್ ನೀರು ಎಂದು ಹೆಮ್ಮೆಯಿಂದ ಒಯ್ಯುತ್ತಾರೆ. ಆ ಘಟಕಕ್ಕೆ ನೀರು ಎಲ್ಲಿಂದ ಬರುತ್ತದೆ? ಕೆರೆಯ ಮೂಲೆಯಲ್ಲಿ ಪೈಪು ಇಳಿಬಿಟ್ಟಿದ್ದಾರೆ, ಕಣ್ಣಿದ್ದವರಿಗೆ ಕಾಣುತ್ತದೆ. ಬೆಳಿಗ್ಗೆ ಇಲ್ಲಿ ಬೈಕು ತೊಳೆದವರು ಸಂಜೆ ಅದೇ ನೀರನ್ನು ಕ್ಯಾನಿನಲ್ಲಿ ಮನೆಗೆ ಒಯ್ಯುತ್ತಾರೆ. ಇದನ್ನು ನಾನು ಎಷ್ಟು ಜನಕ್ಕೆ ಹೇಳಿದೆ. “ಮಷೀನ್ ಐತಲ್ರಿ ಆಂಟಿ,” ಎನ್ನುತ್ತಾರೆ.

ಇನ್ನು ಬಡಿಗೆಯ ವಿಷಯ. ನಮ್ಮ ಮನೆ ಆದ ಮೇಲೆ ಪಾಳಿ ಹೋಗುತ್ತಿದ್ದುದು ಬಾಜೂ ಮನೆಗೆ. ಅವರು ಮನೆ ಮಾರಿದರು. ಕೊಂಡವರು ಕೆಡವಿ ಮೂರು ಅಂತಸ್ತು ಎಬ್ಬಿಸಿ ಆರು ಬಾಡಿಗೆ ಮನೆ ಮಾಡಿ ತಾವು ಹುಬ್ಬಳ್ಳಿಯಲ್ಲೇ ಉಳಿದರು. ಆರು ವರ್ಷದ ಹಿಂದೆ ಒಂದು ಸಂಜೆ ಪಾಳಿ ಮುಗಿಸಿ ಬಡಿಗೆ ಒಯ್ದೆ. ಯಾವ ಬಾಗಿಲಿಗೆ ಒರಗಿಸಬೇಕು? ಕೆಳಗೆ ಗೇಟು, ಗೇಟಿನ ಒಳಗೆ ಕರೆಗಂಟೆಯ ಆರು ಬಟನ್. ಒಂದನ್ನು ಒತ್ತಿದೆ. ಬ್ಯಾಂಕಿನವರ ಹೆಂಡತಿ ಇಳಿದು ಬಂದಳು, ಚಂದ ಮಾತಾಡಿಸಿದಳು, ಎಲ್ಲ ಕೇಳಿಸಿಕೊಂಡಳು. “ನಾವು ಬಾಡಿಗೆಯವರು ಆಂಟಿ, ಓನರನ್ನ ಕೇಳಿ,” ಎಂದಳು. ಓನರಿಗೆ ಫೋನು ಮಾಡಿದೆ. “ಅಲ್ಲೆ ಇರೋರನ್ನ ಕೇಳ್ರಿ ಅಕ್ಕಾರ, ನಾವೆಲ್ಲೆ ನೀರ ಕುಡೀತೇವಿ ಆ ಊರಾಗ,” ಎಂದರು. ಬಡಿಗೆ ಹೊತ್ತು ತಿರುಗಿ ಮನೆಗೆ ಬಂದೆ. ಮರುದಿನವೂ ನಾನೇ ಕಾದೆ.

ಆ ಮನೆ ಬಿಟ್ಟು ಅದರಾಚೆಯ ಮನೆಗೆ ಕೊಡೋಣವೆಂದರೆ, ಅದು ನಮ್ಮ ಯಜಮಾನರ ದೊಡ್ಡಪ್ಪನ ಮಗನ ಮನೆ. ಹಿರಿಯ ಭಾವ. ಊರಿನ ಯಾವ ಮಾತಿಗೂ ಅವರೇ ಮುಂದೆ. ಅವರು ಗುಡಿಯ ಕಟ್ಟೆಯ ಮೇಲೆ ಹಿರಿಯರನ್ನು ಕೂಡಿಸಿದರು. ಒಂದು ಇಡೀ ಮಧ್ಯಾಹ್ನ ಚರ್ಚೆ. ಬಾಡಿಗೆಯವರದು ಮನೆಯೋ ಅಲ್ಲವೋ? ಒಲೆ ಆರು ಇದ್ದರೆ ಪಾಳಿ ಆರೋ ಒಂದೋ? ಒಬ್ಬೊಬ್ಬರು ಒಂದೊಂದು ಹೇಳಿದರು, ಚಹಾ ಎರಡು ಸಲ ಬಂತು. ಕೊನೆಗೆ ಭಾವ ತೀರ್ಮಾನ ಹೇಳಿದರು.

“ಬಾಡಿಗಿಯವ್ರು ಇವತ್ತ ಇರ್ತಾರ, ನಾಳಿ ಹೊಕ್ಕಾರ. ಅವ್ರ ಕೈಯಾಗ ಕೆರಿ ಕೊಡಾಕ ಬರಂಗಿಲ್ಲ.”

“ಹಂಗಂದ್ರ ಆ ಮನಿ ಬಿಟ್ಟು ನಿಮ್ಮನಿಗೆ ತರ್ಲೇನ್ರಿ ಭಾವಾರ?” ಎಂದೆ.

“ಮನಿ ಬಿಡೂದಂದ್ರ ಅವ್ರ ಮರ್ಯಾದಿ ಕಳದಂಗ. ತಪ್ಪ ಮಾಡಿದವ್ರ ಮನಿ ಅಷ್ಟ ಬಿಡೂದು. ಪದ್ಧತಿ ಮುರ್ಯಾಕ ನಾ ಯಾರವಾ?”

ಕೊಡುವ ಹಾಗಿಲ್ಲ, ಬಿಡುವ ಹಾಗೂ ಇಲ್ಲ. ತೀರ್ಮಾನವಾಯಿತೆಂದು ಎಲ್ಲರೂ ಎದ್ದು ಧೋತರ ಕೊಡವಿಕೊಂಡು ಮನೆಗೆ ಹೋದರು. ಇಂಥ ತೀರ್ಮಾನ ಮಾಡಿ ಸಮಾಧಾನದಿಂದ ಊಟ ಮಾಡುವ ಜನ ನಮ್ಮೂರು ಬಿಟ್ಟರೆ ಬೇರೆಲ್ಲೂ ಇರಲಿಕ್ಕಿಲ್ಲ. ಅಂದಿನಿಂದ ಕೆರೆ ನಮ್ಮ ಮನೆಯಲ್ಲೇ ಇದೆ.

ಬಡಿಗೆ ಒಳಗೆ ಎತ್ತಿಟ್ಟು ಸುಮ್ಮನಿದ್ದುಬಿಡು ಎಂದು ಎಷ್ಟೋ ಜನ ಹೇಳಿದರು. ನಮ್ಮ ಯಜಮಾನರು ದಿನಾ ಹೇಳುತ್ತಾರೆ. ಹೈಸ್ಕೂಲಿನ ಆಫೀಸಿನಲ್ಲಿ ಗುಮಾಸ್ತರಾಗಿದ್ದವರು, ಜೀವಮಾನದಲ್ಲಿ ಯಾರ ಮೇಲೂ ದನಿ ಎತ್ತಿದವರಲ್ಲ. “ಬಿಡು ಹೋಗ್ಲಿ” ಎನ್ನುವುದು ಅವರ ಮಂತ್ರ. ಒಂದು ದಿನ ನನಗೆ ಜ್ವರ ಬಂದು ಅವರನ್ನು ಕೆರೆಗೆ ಕಳಿಸಿದೆ. ಹತ್ತು ಗಂಟೆಗೆ ಮನಸ್ಸು ತಡೆಯದೆ ಹೋಗಿ ನೋಡಿದರೆ, ಇವರು ಬಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಪೇಪರು ಓದುತ್ತಿದ್ದಾರೆ, ಎರಡು ಮಾರು ಆಚೆ ಒಬ್ಬ ಮೆಟ್ಟಿಲ ಮೇಲೆ ನಿಂತು ಕಾರಿನ ರಬ್ಬರು ಮ್ಯಾಟು ತಿಕ್ಕುತ್ತಿದ್ದಾನೆ. ಕೇಳಿದರೆ, “ಪಾಪ, ಗುರುತಿನವ್ರ ಮಗಾ ಅಂವಾ,” ಎಂದರು.

ನಾನು ಬಿಡಲಾರದೆ ಹೋದದ್ದಕ್ಕೆ ಕಾರಣ ಅತ್ತೆ. ಸಾಯುವ ಹಿಂದಿನ ವರ್ಷ ನಡೆಯಲಾರದೆ ಹಾಸಿಗೆ ಹಿಡಿದಿದ್ದಾಗಲೂ ಪಾಳಿಯ ದಿನ ಕೇಳುತ್ತಿದ್ದರು, ಬಡಿಗೆ ಬಂತೇ, ಬಡಿಗೆ ಹೋಯಿತೇ. ನಮ್ಮ ಮನೆಯಲ್ಲಿ ಅದು ನಿಲ್ಲಬಾರದು ಎಂದು ನನ್ನ ಕೈ ಹಿಡಿದು ಹೇಳಿದ್ದರು. ನಿಂತದ್ದು ನಮ್ಮ ಮನೆಯಲ್ಲೇ. ಅದಕ್ಕೇ, ಸರಿಯಾಗಿ ದಾಟಿಸದ ಹೊರತು ಬಿಡುವುದಿಲ್ಲ ಎಂದು ಹಟ ಹಿಡಿದೆ. ಮೊಣಕಾಲು ಮಾತ್ರ ಹಟ ಹಿಡಿಯಲು ತಯಾರಿಲ್ಲ. ಕಳೆದ ಮಳೆಗಾಲದಲ್ಲಿ ಏರಿ ಹತ್ತಲು ಮೂರು ಕಡೆ ಕೂತೆ. ಡಾಕ್ಟರು ಫೋಟೋ ತೋರಿಸಿ, ಮೂಳೆಗೆ ಮೂಳೆ ತಿಕ್ಕುತ್ತಿದೆ, ಆಪರೇಷನ್ ಆದ ಮೇಲೆ ತಿಂಗಳುಗಟ್ಟಲೆ ಮೆಟ್ಟಿಲು ಮರೆತುಬಿಡಿ ಎಂದರು. ಎರಡು ಸಲ ಮುಂದಕ್ಕೆ ಹಾಕಿಸಿದ ಮೇಲೆ ಮೂರನೆಯ ಸಲದ ತಾರೀಖು ದೀಪಾವಳಿ ಆದ ಮೇಲಿನ ಸೋಮವಾರಕ್ಕೆ ಗೊತ್ತಾಯಿತು. ಈ ಸಲ ತಪ್ಪಿಸುವುದಿಲ್ಲ ಎಂದು ಯಜಮಾನರಿಗೆ ಮಾತು ಕೊಟ್ಟೆ.

ಅಷ್ಟರಲ್ಲಿ ಕೆರೆಯ ಸುತ್ತ ವಾಕಿಂಗ್ ಪಾತ್ ಬಂತು. ಬಣ್ಣದ ಕಲ್ಲು ಹಾಸಿದರು, ಬೆಂಚು ಹಾಕಿದರು. ಬೆಳಿಗ್ಗೆ ಬೂಟು ಹಾಕಿಕೊಂಡವರು ಕೈ ಬೀಸುತ್ತ ಸುತ್ತುತ್ತಾರೆ, ದಣಿವಾದರೆ ಮೆಟ್ಟಿಲಿಳಿದು ಬೂಟುಗಾಲಲ್ಲೇ ನಿಂತು ಮುಖ ತೊಳೆಯುತ್ತಾರೆ. ನಾನು ಬಡಿಗೆ ಕುಟ್ಟಿದರೆ ಕಿವಿಯಲ್ಲಿ ಹಾಡು ಸಿಕ್ಕಿಸಿಕೊಂಡವರಿಗೆ ಕೇಳಿಸುವುದಾದರೂ ಹೇಗೆ? ಒಬ್ಬ ಹುಡುಗಿ ನನ್ನ ಫೋಟೋ ತೆಗೆದುಕೊಂಡು “ಸೂಪರ್ ಅಜ್ಜಿ” ಎಂದು ಹೋದಳು. ಚಪ್ಪಲಿ ಬಿಡಲಿಲ್ಲ.

ಪಾತಿನ ಬಾಯಿಗೆ ಊರಿನ ಚರಿತ್ರೆಯ ಫಲಕ ಹಾಕಬೇಕೆಂದು ಪಂಚಾಯ್ತಿಯವರು ನನ್ನಲ್ಲಿಗೆ ಬಂದರು. ನಾನು ಇದೇ ಊರಿನ ಕನ್ನಡ ಶಾಲೆಯಲ್ಲಿ ನೌಕರಿ ಮುಗಿಸಿದವಳು, ಊರಿನ ಅರ್ಧ ಜನಕ್ಕೆ ಅಕ್ಷರ ತಿದ್ದಿಸಿದವಳು, ನಮ್ಮ ಕಡೆ ಟೀಚರಿಗೆ ಅನ್ನುವ ಹಾಗೆ ಎಲ್ಲರಿಗೂ ಅಕ್ಕಾರು. ನನಗೆ ಒಳಗೊಳಗೇ ಖುಷಿಯಾಯಿತು. ಫಲಕದಲ್ಲಿ ಬಡಿಗೆಯ ವಿಷಯ ಬರೆದರೆ ಓದಿದವರಲ್ಲಿ ಯಾರಿಗಾದರೂ ನಾಚಿಕೆಯಾಗಿ ಪಾಳಿ ತೆಗೆದುಕೊಳ್ಳಲು ಮುಂದೆ ಬಂದಾರು ಎಂದು ಲೆಕ್ಕ ಹಾಕಿದೆ. ಎಂಟು ದಿನ ಕೂತು, ಹೊಡೆದು, ತಿದ್ದಿ, ಹನ್ನೆರಡು ಸಾಲು ಬರೆದೆ. ಪೇಂಟರ್ ದುಂಡಗೆ ಬರೆದ. ಫಲಕದ ನಡುವೆ ಈ ಸಾಲಿತ್ತು: ‘ಕೆರೆ ಕಾಯುವ ಬಡಿಗೆ ಮೇಲು ಕೀಳೆನ್ನದೆ ಊರಿನ ಎಲ್ಲ ಮನೆಗಳಿಗೂ ಪಾಳಿಯಂತೆ ಹೋಗುತ್ತಿತ್ತು.’ ಹಿರಿಯ ಭಾವ ಓದಿ, “ಅಗದಿ ಛಲೋ ಬರದೀರಿ,” ಎಂದರು. ಪಾಳಿ ತೆಗೆದುಕೊಳ್ಳುವ ಮಾತು ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ನಾನು ದಂಡೆಯ ಕಲ್ಲಿನ ಮೇಲೆ ಕೂತಿದ್ದೆ. ಅಗಸಿಯ ಹೊರಗಿನ ಕೇರಿಯ ಒಬ್ಬಳು ಕೊಡ ಹಿಡಿದು ಬಂದಳು. ನನ್ನ ಹಳೆಯ ವಿದ್ಯಾರ್ಥಿನಿ, ಈಗ ನಲವತ್ತರ ಹತ್ತಿರ, ಅಂಗನವಾಡಿಯಲ್ಲಿ ಕೆಲಸ ಮಾಡುತ್ತಾಳೆ. ತರಗತಿಯಲ್ಲಿ ತಡವರಿಸದೆ ಓದುತ್ತಿದ್ದವಳು ಅವಳೊಬ್ಬಳೇ. ಫಲಕದ ಮುಂದೆ ನಿಂತು ಅಂದಿನ ಹಾಗೇ ಗಟ್ಟಿಯಾಗಿ ಓದಿದಳು. ನಡುವಿನ ಸಾಲಿಗೆ ಬಂದು ನಿಂತಳು. ಮತ್ತೊಮ್ಮೆ ಓದಿದಳು. ಚಪ್ಪಲಿ ಬಿಟ್ಟು ಇಳಿದು, ನೀರು ತುಂಬಿಕೊಂಡು, ಮೇಲೆ ಬಂದು ಕೊಡವನ್ನು ನನ್ನ ಬಾಜೂ ಕಲ್ಲಿನ ಮೇಲಿಟ್ಟಳು.

“ಅಕ್ಕಾರ, ನಮ್ಮನಿಗೆ ಯಾವಾಗ ಬಂದಿತ್ರಿ ಬಡಿಗಿ?”

ನಾನು ಫಲಕದ ಕಡೆ ನೋಡಿದೆ.

“ನಮ್ಮವ್ವ ಇಲ್ಲೆ ಕೆಳಗ ನಿಂತಿರತಿದ್ಲು. ನೀವ ಹೊಯ್ತಿದ್ರಿ. ಅಕ್ಕಾರು ಲಗೂನ ಹೊಯ್ತಾರ, ಕಾಯಸಂಗಿಲ್ಲ ಅಂತಿದ್ಲು. ಖರೇ ಹೇಳ್ರಿ, ಒಮ್ಮೆರ ಅಗಸಿ ದಾಟಿ ಬಂದಿತ್ತೇನ್ರಿ ಅದು?”

“ಬಂದಿಲ್ಲವಾ,” ಎಂದೆ.

ಅಷ್ಟು ವರ್ಷ ಮನೆ ಬಿಡುವುದು ದೊಡ್ಡ ಅವಮಾನವೆಂದು ಕಥೆ ಹೇಳಿದವಳು ನಾನು. ರುಮಾಲು ಹಿಡಿದು ಅತ್ತ ರೈತನ ಕಥೆಯನ್ನು ಶಾಲೆಯಲ್ಲಿ ಇವಳ ತರಗತಿಗೇ ಹೇಳಿದ್ದೆ, ಕಣ್ಣಲ್ಲಿ ನೀರು ತಂದುಕೊಂಡು. ಒಂದು ಮನೆ ಎರಡು ಸುತ್ತು ತಪ್ಪಿದ್ದಕ್ಕೆ ಅಷ್ಟು ಮರುಗಿದೆ. ಒಂದು ಇಡೀ ಕೇರಿ ಎಲ್ಲ ಸುತ್ತಿನಲ್ಲೂ ತಪ್ಪಿದ್ದು ನನ್ನ ತಲೆಗೆ ಹೋಗಿರಲೇ ಇಲ್ಲ. ಅದನ್ನು ‘ಎಲ್ಲ ಮನೆಗಳಿಗೂ’ ಎಂದು ಬರೆದು, ದುಂಡಗೆ ಪೇಂಟು ಮಾಡಿಸಿ, ಊರ ಬಾಯಿಗೆ ನಿಲ್ಲಿಸಿದ್ದೆ. ನಾಚಿಕೆಯಾಯಿತು. ಅದರ ಬೆನ್ನಿಗೇ ಇನ್ನೊಂದು ವಿಚಾರ ಬಂತು, ಬರಬಾರದಿತ್ತು, ಬಂತು: ಅಂದರೆ ಬಡಿಗೆ ಒಯ್ಯಲು ಒಂದು ಮನೆ ಸಿಕ್ಕಿತು. ಆಪರೇಷನ್ನಿನ ಸೋಮವಾರಕ್ಕೆ ಇನ್ನು ಹದಿನೈದು ದಿನವಿತ್ತು.

“ತಪ್ಪಾಗೇತಿ. ಇವತ್ತ ಸಂಜಿಕ ನಿಮ್ಮನಿಗೆ ತರ್ತೇನಿ,” ಎಂದೆ.

ಅವಳು ನನ್ನ ಮುಖ ನೋಡಿದಳು, ನನ್ನ ಮೊಣಕಾಲು ನೋಡಿದಳು, ಬಡಿಗೆ ನೋಡಿದಳು. ಸಿಟ್ಟಿನಿಂದ ಹೇಳಲಿಲ್ಲ, ಮೆಲ್ಲಗೆ ಕೇಳಿದಳು.

“ಈಗ ಯಾಕ್ರಿ ಅಕ್ಕಾರ? ನಿಮಗೆಲ್ಲಾ ಬ್ಯಾಡಾದ ಮ್ಯಾಲೇನ್ರಿ?”

ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು ಹೋದಳು. ಆ ದಿನ ನಾನು ಯಾರಿಗೂ ಬಡಿಗೆ ಕುಟ್ಟಲಿಲ್ಲ. ಬೂಟಿನವರು ಇಳಿದರು, ಹತ್ತಿದರು. ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೆಂದೇ ತಿಳಿಯಲಿಲ್ಲ. ಇಷ್ಟು ವರ್ಷ ಕಾರಿನವರ ಮೇಲೆ, ಬಾಡಿಗೆಯವರ ಮೇಲೆ, ಭಾವನ ಮೇಲೆ ಸಿಟ್ಟು ಮಾಡಿಕೊಂಡು ಆರಾಮಾಗಿದ್ದೆ.

ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಪೇಂಟರನ್ನು ಕರೆಸಿ ನಡುವಿನ ಸಾಲು ಅಳಿಸಿ ಬೇರೆ ಬರೆಸಿದೆ: ‘ಕೆರೆ ಕಾಯುವ ಬಡಿಗೆ ಅಗಸಿಯ ಒಳಗಿನ ಮನೆಗಳಿಗೆ ಪಾಳಿಯಂತೆ ಹೋಗುತ್ತಿತ್ತು. ಅಗಸಿಯ ಹೊರಗಿನ ಮನೆಗಳಿಗೆ ಒಮ್ಮೆಯೂ ಹೋಗಲಿಲ್ಲ. ಅವರು ಕೆರೆಗೆ ಇಳಿಯುವಂತಿರಲಿಲ್ಲ. ನಾವು ಮೇಲಿನಿಂದ ನೀರು ಹೊಯ್ಯುತ್ತಿದ್ದೆವು.’ ಪೇಂಟರ್ ಕುಂಚ ಹಿಡಿದು, “ಇದನ್ನ ಬರೀಲೇನ್ರಿ ಅಕ್ಕಾರ?” ಎಂದು ಎರಡು ಸಲ ಕೇಳಿದ. ಬರಿ ಎಂದೆ.

ಆರು ವರ್ಷ ನಮ್ಮ ಬಾಗಿಲಿಗೆ ಬಾರದ ಹಿರಿಯರು ಅಂದು ಸಂಜೆಯೇ ಬಂದರು. ಮುಂದೆ ಹಿರಿಯ ಭಾವ, ಹಿಂದೆ ಇಬ್ಬರು. ಬಡಿಗೆ ಇದ್ದ ಬಾಗಿಲಾದ್ದರಿಂದ ಮೂವರೂ ಚಪ್ಪಲಿಯನ್ನು ದೂರವೇ ಬಿಟ್ಟರು, ಆ ಮರ್ಯಾದೆ ಮರೆತಿರಲಿಲ್ಲ. ಯಜಮಾನರು ಕುರ್ಚಿ ಹಾಕಿದರು. ನಾನು ಚಹಾ ಇಟ್ಟೆ.

“ಏನವಾ, ಊರ ಮಾನ ಬಾಜಾರದಾಗ ಹರಾಜ ಹಾಕಿದ್ಯಲ್ಲ,” ಎಂದರು ಭಾವ.

“ಸುಳ್ಳ ಬರದೇನೇನ್ರಿ ಭಾವಾರ?”

“ಖರೇ ಐತಿ. ಯಾರ ಇಲ್ಲಂದ್ರು? ಆದ್ರ ಅದೆಲ್ಲಾ ಹಿಂದಿನ ಕಾಲದ್ದು. ಬಂದವ್ರು ಹ್ವಾದವ್ರು ಓದೂ ಜಾಗಾದಾಗ ಅದ್ಯಾಕ ಬೇಕು?” ಒಂದು ಗುಟುಕು ಚಹಾ ಕುಡಿದು, ಬಶಿ ಕೆಳಗಿಟ್ಟು, ದನಿ ಇಳಿಸಿದರು. “ನಿನ್ನ ಕಾಲಿಂದೂ ಕೇಳೇನಿ. ಸೋಮವಾರ ದವಾಖಾನಿಗೆ ಹೋಗೂದೈತಂತ. ನೀ ಆ ಸಾಲ ತಗಸು, ಮೊದಲಿಂದ ಬರಸು. ಬಡಿಗಿ ಇವತ್ತ ನಮ್ಮನಿಗೆ ಒಯ್ತೇನಿ. ನಾಳಿಂದ ನಂದ ಪಾಳಿ.”

“ನಡುವ ಒಂದ ಮನಿ ಐತಲ್ರಿ. ಬಿಡಾಕ ಬರಂಗಿಲ್ಲ ಅಂದಿದ್ರಿ.”

“ಬಾಡಿಗಿ ಮನಿ ಅದು. ಬಿಟ್ರ ನಡೀತೈತಿ ಬಿಡು.”

ಆರು ವರ್ಷ ನಡೆಯದ್ದು ಒಂದು ಕಪ್ ಚಹಾದಲ್ಲಿ ನಡೆದುಹೋಯಿತು. ನಾನು ಬಾಗಿಲಿನ ಕಡೆ ನೋಡಿದೆ. ಭಾವ ಆಗಲೇ ಎದ್ದು ಹೋಗಿ ಬಡಿಗೆಯ ಹತ್ತಿರ ನಿಂತಿದ್ದರು. ಕೈ ಚಾಚಿದರೆ ಮುಗಿಯಿತು. ಸೋಮವಾರ ಹುಬ್ಬಳ್ಳಿ, ಹೊಸ ಮೊಣಕಾಲು, ಮೆಟ್ಟಿಲು ಹತ್ತುವಾಗ ಹಲ್ಲು ಕಚ್ಚುವುದಿಲ್ಲ, ಮಗ್ಗುಲಾದರೆ ನರಳುವುದಿಲ್ಲ. ಕೇಳಿದ್ದು ನಾಲ್ಕು ಸಾಲು ಪೇಂಟು, ಅಷ್ಟೆ. ಒಂದು ಗಳಿಗೆ ಹೂಂ ಎನ್ನಲು ನನ್ನ ಬಾಯಿ ತೆರೆದಿತ್ತು, ಅದನ್ನೂ ಇಲ್ಲಿ ಬರೆಯಲೇಬೇಕು. ಯಜಮಾನರು ನನ್ನನ್ನೇ ನೋಡುತ್ತಿದ್ದರು. ಈಗ ಬಿಡು ಹೋಗಲಿ ಎನ್ನುತ್ತಾರೆ ಎಂದು ಕಾದೆ. ಅವರು ಅನ್ನಲಿಲ್ಲ.

“ಬಡಿಗಿ ಮುಟ್ಟಬ್ಯಾಡ್ರಿ ಭಾವಾರ,” ಎಂದೆ. “ಸಾಲು ಇರ್ಲಿ.”

“ಹಂಗಾದ್ರ ನೀನ ಕಾಯಿ. ಸಾಯೂತನಾ ಕಾಯಿ,” ಎಂದು ಚಪ್ಪಲಿ ಮೆಟ್ಟಿ ನಡೆದರು. ಉಳಿದಿಬ್ಬರು ಚಹಾ ಮುಗಿಸಿಯೇ ಹೋದರು.

ಆ ಸೋಮವಾರ ಬಂತು. ಅದಕ್ಕಿಂತ ಮೊದಲು ನಾನೊಂದು ಸಲ, ಬಡಿಗೆ ಬಿಟ್ಟು ಬರಿಗೈಯಲ್ಲಿ, ಅಗಸಿ ದಾಟಿ ಅಂಗನವಾಡಿಯವಳ ಮನೆಗೆ ಹೋಗಿ ಬಂದೆ. ಅಷ್ಟು ವರ್ಷ ಇದೇ ಊರಲ್ಲಿದ್ದು, ಶಾಲೆಗೆ ಮಕ್ಕಳ ಹೆಸರು ಬರೆದುಕೊಳ್ಳಲು ಹೊಸ್ತಿಲವರೆಗೆ ಹೋದದ್ದು ಬಿಟ್ಟರೆ ಒಳಗೆ ಹೋದದ್ದು ಅದೇ ಮೊದಲು. ಅವಳ ಅವ್ವ ಈಗಿಲ್ಲ. ಅವಳು ಕೂರಿಸಿ ನೀರು ಕೊಟ್ಟಳು, ಕುಡಿದೆ. ಫಲಕ ನೋಡಿದೆ ಎಂದಳು. ನಾನೂ ಪಾಳಿಯ ಮಾತೆತ್ತಲಿಲ್ಲ, ಅವಳೂ ಎತ್ತಲಿಲ್ಲ. ಕೇಳಿದರೆ ಯಾವ ಬಾಯಿಂದ ಕೇಳುವುದು? ಬಡಿಗೆ ಭಾರವಾದಾಗ ನೆನಪಾದ ಮನೆ ಅದು. ಕೆರೆಗೆ ಬಂದಾಗ ಈಗಲೂ ನಮಸ್ಕಾರ ಹೇಳುತ್ತಾಳೆ, ಮೇಲೆಯೇ ಚಪ್ಪಲಿ ಬಿಡುತ್ತಾಳೆ, ಕೊಡದ ಬಾಯಿಗೆ ಅರಿವೆ ಕಟ್ಟಿ ಸೋಸಿ ತುಂಬಿಕೊಳ್ಳುತ್ತಾಳೆ.

ಸೋಮವಾರ ಬೆಳಿಗ್ಗೆ ಆಸ್ಪತ್ರೆಯಿಂದ ಫೋನು ಬಂದಾಗ ನಾನು ದಂಡೆಯ ಕಲ್ಲಿನ ಮೇಲಿದ್ದೆ. ಯಾರೋ ದಕ್ಷಿಣದ ಕಡೆಯ ಹುಡುಗಿ, ದನಿಯಲ್ಲೇ ಗೊತ್ತಾಯಿತು. ಇನ್ನೂ ಬಂದಿಲ್ಲವಲ್ಲ, ಡಾಕ್ಟರು ಕೇಳುತ್ತಿದ್ದಾರೆ ಎಂದಳು. ಮುಂದಕ್ಕೆ ಹಾಕಿ ಎಂದೆ.

“ಇದು ಎಷ್ಟನೇ ಸಲ ಅಮ್ಮಾ?”

“ಮೂರನೇದು.”

“ಕರ್ಕೊಂಡು ಬರೋಕೆ ಮನೇಲಿ ಯಾರೂ ಇಲ್ವಾ?”

“ಮನ್ಯಾಗ ಅದಾರವಾ,” ಎಂದೆ. “ಮುಂದಿನ ಮನಿ ಇಲ್ಲ.”